ಕೋಡಿಂಗ್: ಹೊಟ್ಟೆಪಾಡೋ, ಅಕ್ಷರಾಭ್ಯಾಸವೋ?

ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿರುವ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಕೋಡಿಂಗ್, ಅಂದರೆ ಕಂಪ್ಯೂಟರಿಗೆ ಆದೇಶ ಬರೆಯುವ ವಿದ್ಯೆ, ಏಕೆ ಕಲಿಯುತ್ತಾರೆಂದು ಯಾರೂ ಕೇಳುವುದಿಲ್ಲ. ಕೆಲಸಕ್ಕೆ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೂ ಇದರ ಪರಿಚಯ ಆಗಬೇಕೆಂದಿತು. ಅವರೆಲ್ಲ ಸಾಫ್ಟ್‌ವೇರ್ ಕಂಪನಿ ಸೇರುವವರಲ್ಲ. ಅವರಿಗೇಕೆ ಇದು?

ಸೋವಿಯತ್ ವಿಜ್ಞಾನಿ ಆಂದ್ರೇ ಯೆರ್ಷೋವ್ 1981ರಲ್ಲೇ ಪ್ರೋಗ್ರಾಮಿಂಗನ್ನು ‘ಎರಡನೆಯ ಸಾಕ್ಷರತೆ’ ಎಂದು ಕರೆದಿದ್ದರು. ಮಾತು ಕೊಂಚ ದೊಡ್ಡದಾಯಿತು ಎನ್ನಿಸಬಹುದು. ಆದರೆ ಮೊದಲನೆಯ ಸಾಕ್ಷರತೆಯೂ ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕಸುಬೇ ಆಗಿತ್ತಲ್ಲವೆ? ಹುಣಸೆಬೀಜದ ಸರಿ, ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಜಮೀನಿನ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. (ಇಂದಿನ ಕಚೇರಿಯ ಫೈಲಿಗೂ ಅದೇ ಕಡತದ ಹೆಸರು.) ಓದು ಬಾರದ ರೈತ, ಅವರು ಓದಿ ಹೇಳಿದ್ದನ್ನೇ ನಂಬಬೇಕಿತ್ತು. ಅವನ ಮಗ ಶಾಲೆಗೆ ಹೋದದ್ದು ಶಾನುಭೋಗನಾಗಲಿಕ್ಕಲ್ಲ; ಆದರೂ ಪಹಣಿಯಲ್ಲಿ ಅಪ್ಪನ ಹೆಸರು ಇದೆಯೋ ಇಲ್ಲವೋ ಎಂದು ತಾನೇ ನೋಡಬಲ್ಲವನಾದ.

ಈಗ ಆ ಪಹಣಿಯೇ ಕಂಪ್ಯೂಟರಿನಲ್ಲಿದೆ. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ದಾಖಲೆಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಿತು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು ವಿಲೇವಾರಿ ಆಗಬೇಕೆಂಬ ನಿಯಮವನ್ನು ಪ್ರೋಗ್ರಾಮಿನೊಳಗೇ ಬರೆದಿದ್ದರು. ಹಿಂದಿನ ಅರ್ಜಿಯನ್ನು ಮುಂದಕ್ಕೆ ತಳ್ಳಲು ಹೋದರೆ ಯಂತ್ರ ಒಪ್ಪುತ್ತಿರಲಿಲ್ಲ. ಪ್ರಭಾವಿಗಳ ಕೈಕಟ್ಟಿದ್ದು ಇಂಥ ಕೆಲವು ಸಾಲುಗಳು. ಕಾನೂನಿನ ಪುಸ್ತಕಕ್ಕಿಂತ ಬಿಗಿ!

ಅದೇ ಬಿಗಿ ಬಡವನಿಗೂ ಉರುಳಾಗಬಲ್ಲದು. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಅದೇ ಹೆಸರಿಗೆ ಇನ್ನೊಂದು ಕಾಗುಣಿತ ಇದ್ದರೆ, ‘ಕಂಪ್ಯೂಟರ್ ತಗೊಳ್ತಾ ಇಲ್ಲ’ ಎಂಬ ಉತ್ತರ ಬರುತ್ತದೆ. ಕೇಳಿದವನು ಅದನ್ನು ದೈವಾಜ್ಞೆಯಂತೆ ಒಪ್ಪಿ ಮನೆಗೆ ಮರಳುತ್ತಾನೆ.

ಶಾಲೆಯಲ್ಲಿ ‘ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ’ ಎಂದು ಹತ್ತು ಸಾಲು ಬರೆದು, ಒಂದು ಅಕ್ಷರ ತಪ್ಪಿ ಎಲ್ಲ ನಿಂತುಹೋದದ್ದನ್ನು ಕಂಡ ಮಗುವಿಗೆ ಈ ಗುಟ್ಟು ಗೊತ್ತು. ತಗೊಳ್ಳದಿರುವುದು ಕಂಪ್ಯೂಟರ್ ಅಲ್ಲ, ಯಾರೋ ಬರೆದಿಟ್ಟ ಒಂದು ಷರತ್ತು. ಇಷ್ಟು ತಿಳಿಯಲು ದುಬಾರಿ ಕೋರ್ಸು ಬೇಡ. ಆರನೇ ತರಗತಿಗೇ ನೌಕರಿಯ ಆಸೆ ತೋರಿಸುವುದಂತೂ ಬೇಡವೇ ಬೇಡ. ಬರೆದ ಭಾಷೆ ಹತ್ತು ವರ್ಷದಲ್ಲಿ ಹಳತಾದೀತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಂತು ‘ಯಾವ ಷರತ್ತಿಗೆ ನಿಂತಿದೆ, ಅದನ್ನು ತಿದ್ದುವವರು ಯಾರು?’ ಎಂದು ಕೇಳುವವನಿಗೆ ಆ ಭಾಷೆ ನೆನಪಿರಬೇಕಾದ್ದೂ ಇಲ್ಲ.