ಹಳೆಯ ಬುರುಜು ನಿಂತದ್ದು ಹೇಗೆ, ಬೀಳುವುದು ಹೇಗೆ?



ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಅರ್ಧ ಕುಸಿದ ಹುಡೇವು, ಅಂದರೆ ಬುರುಜು, ಇಂದಿಗೂ ಕಾಣುತ್ತದೆ. ಅದು ಬರಿಯ ಕಲ್ಲುಮಣ್ಣಿನ ಗುಡ್ಡೆಯಲ್ಲ. ಅದರ ಹಿಂದೆ ಹಿರಿಯರ ಕಟ್ಟಡ ವಿದ್ಯೆಯಿದೆ.

ಈ ವಿದ್ಯೆಯ ದೊಡ್ಡ ಮಾದರಿ ವಿಜಯಪುರದ ಉಪ್ಪಲಿ ಬುರುಜು. ಆದಿಲ್‌ಶಾಹಿ ಸರದಾರನಾದ ಹೈದರ್ ಖಾನನು ಇದನ್ನು 1584ರ ಸುಮಾರಿಗೆ ಕಟ್ಟಿಸಿದನು. ಎತ್ತರ ಸುಮಾರು 80 ಅಡಿ. ಇದು ಕೋಟೆಗೋಡೆಗೆ ಸೇರಿಲ್ಲ. ಗೋಡೆಯ ಒಳಗೆ ಎತ್ತರದ ನೆಲದ ಮೇಲೆ ಒಂಟಿಯಾಗಿ ನಿಂತಿದೆ. ದೂರದಲ್ಲಿ ಬರುವ ಶತ್ರುವನ್ನು ಕಂಡು, ಗೋಡೆಯ ಮೇಲಿಂದಾಚೆಗೆ ಗುಂಡು ಹಾರಿಸಲು ಈ ಎತ್ತರ ಬೇಕಾಗಿತ್ತು. ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಮೇಲೇರುತ್ತವೆ. ಮೇಲೆ ಎರಡು ತೋಪುಗಳಿವೆ. ಉದ್ದನೆಯದು 30 ಅಡಿಗೂ ಹೆಚ್ಚು. ಕಬ್ಬಿಣದ ಉದ್ದ ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ತೊಡಿಸಿ ಅದನ್ನು ಮಾಡಿದ್ದಾರೆ. ಬಂಡಿಯ ಗಾಲಿಗೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಿಗಿಯುತ್ತಿದ್ದುದೂ ಇದೇ ಉಪಾಯದಿಂದ.

ಬುರುಜು ದುಂಡಗಿರುವುದೇಕೆ? ಮೂಲೆಯಿದ್ದರೆ ಗುಂಡಿನ ಪೆಟ್ಟಿಗೆ ಅದು ಬೇಗ ಒಡೆಯುತ್ತದೆ. ದುಂಡು ಗೋಡೆಗೆ ಮೂಲೆಯಿಲ್ಲ. ಸುತ್ತಲೂ ನೋಟ ಸಿಗುತ್ತದೆ. ಹಳ್ಳಿಯ ಎಷ್ಟೋ ಹುಡೇವುಗಳು ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಹೊರಗೆ ಕಲ್ಲಿನ ಗೋಡೆ, ಒಳಗೆ ಮಣ್ಣು, ಕಲ್ಲುಚೂರುಗಳ ತುಂಬು.

ಇಂಥ ಹುಡೇವಿಗೆ ಇಂದು ನೀರೇ ಶತ್ರು. ಮೇಲಿನ ಗಾರೆ ಒಡೆದರೆ ಮಳೆನೀರು ಒಳಗಿನ ಮಣ್ಣಿಗೆ ಇಳಿಯುತ್ತದೆ. ನೆನೆದ ಮಣ್ಣು ಉಬ್ಬಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ನೀರಿಗೆ ದಾರಿ ಬಿಡದ ಹೊಲದ ಬದು ಒಡೆಯುವುದನ್ನು ನೀವು ಕಂಡಿಲ್ಲವೇ? ಇದೂ ಹಾಗೆಯೇ. ಸಂದಿಯಲ್ಲಿ ಹುಟ್ಟಿದ ಅರಳಿ, ಆಲದ ಬೇರು ಕಲ್ಲುಗಳನ್ನು ಸಡಿಲಿಸುತ್ತದೆ. ಮನೆಗೆಂದು ಬುಡದ ಕಲ್ಲು ಕಿತ್ತರೆ, ನಿಧಿಯ ಆಸೆಗೆ ಅಗೆದರೆ, ಮೇಲಿನ ಭಾರಕ್ಕೆ ಆಧಾರ ತಪ್ಪುತ್ತದೆ. ಒಂದು ಮಳೆಗಾಲದ ರಾತ್ರಿ ಅದು ಕುಸಿದರೆ ಕೆಳಗಿರುವ ಮನೆ, ಮಕ್ಕಳು, ದನಕರುಗಳಿಗೆ ಅಪಾಯ.

ಆದುದರಿಂದ ಹುಡೇವಿನ ಕಲ್ಲು ತೆಗೆಯಬೇಡಿ, ಬುಡ ಅಗೆಯಬೇಡಿ. ಚಿಗುರುವ ಗಿಡವನ್ನು ಎಳೆಯದಿರುವಾಗಲೇ ಕತ್ತರಿಸಿರಿ. ಬಲಿತ ಮರವನ್ನು ಎಳೆದು ಕೀಳಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಗೋಡೆ ಉಬ್ಬಿದ್ದರೆ ಅದರ ನೆರಳಿನಲ್ಲಿ ದನ ಕಟ್ಟಬೇಡಿ. ಗ್ರಾಮ ಪಂಚಾಯಿತಿಗೆ ತಿಳಿಸಿರಿ. ಊರನ್ನು ಕಾಯ್ದ ಬುರುಜನ್ನು ಈಗ ಊರು ಕಾಯಬೇಕು.