ಕರುಳಿನ ಕ್ಯಾನ್ಸರ್: ಸಂಕೋಚ ತೊರೆಯೋಣ, ಸಕಾಲದಲ್ಲಿ ತಪಾಸಣೆ ಮಾಡಿಸೋಣ

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯವನ್ನು ನಾವು ಊಟದ ಪಂಕ್ತಿಯಲ್ಲಿಯೂ ಮಾತನಾಡುತ್ತೇವೆ. ಆದರೆ ಮಲದಲ್ಲಿ ರಕ್ತ ಕಂಡರೆ ತಂದೆ ಮಕ್ಕಳಿಗೆ ಹೇಳುವುದಿಲ್ಲ, ತಾಯಿ ಯಾರಿಗೂ ಹೇಳುವುದಿಲ್ಲ. ಮೂಲವ್ಯಾಧಿಯೋ ಉಷ್ಣವೋ ಇರಬೇಕೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ದೊಡ್ಡ ಕರುಳು ಹಾಗೂ ಗುದನಾಳದ ಕ್ಯಾನ್ಸರ್ ಬೆಳೆಯುವುದು ಈ ಮೌನದಲ್ಲಿಯೇ.

ಸಸ್ಯಾಹಾರಿಗಳಾದ ನಮಗೆ ಇದು ಬಾರದೆಂಬ ನಂಬಿಕೆ ಅನೇಕರಲ್ಲಿದೆ. ಸಂಸ್ಕರಿತ ಮಾಂಸ ಈ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾರಿದ್ದು ನಿಜ. ಆದರೆ ವಯಸ್ಸು, ವಂಶವಾಹಿ, ಬೊಜ್ಜು, ತಂಬಾಕು, ಮದ್ಯ, ಶ್ರಮವಿಲ್ಲದ ಜೀವನ, ನಾರಿನಂಶ ಕಡಿಮೆಯಿರುವ ಆಹಾರ ಇವೂ ಕಾರಣಗಳೇ. ಹಿಂದೆ ಹೊಲ ತೋಟಗಳಿದ್ದ ಯಲಹಂಕ, ಹೆಬ್ಬಾಳಗಳ ಸುತ್ತ ಇಂದು ಕುಳಿತು ದುಡಿಯುವವರೇ ಹೆಚ್ಚು; ರಾಗಿ, ಜೋಳ, ಸೊಪ್ಪುಗಳ ಸ್ಥಾನವನ್ನು ಮೈದಾ ತಿನಿಸುಗಳು ಆಕ್ರಮಿಸುತ್ತಿವೆ.

ಈ ರೋಗದಲ್ಲಿ ಒಂದು ಆಶಾದಾಯಕ ಸಂಗತಿಯುಂಟು. ಬಹುಪಾಲು ಇದು ಕರುಳಿನ ಒಳಗೋಡೆಯಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಸುಮಾರು 10 ವರ್ಷ ಬೇಕು. ಅಷ್ಟರೊಳಗೆ ಕಂಡು ತೆಗೆದುಹಾಕಿದರೆ ಆ ಗಂಟಿನಿಂದ ರೋಗವೇ ಹುಟ್ಟದು.

ಯಾರಿಗೆ, ಯಾವಾಗ?

ನಮ್ಮ ಸರಕಾರ 2016ರಲ್ಲಿ ರೂಪಿಸಿದ ತಪಾಸಣಾ ಮಾರ್ಗಸೂಚಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ ಸಂಬಂಧಿಸಿದ್ದು, ಕರುಳು ಅದರಲ್ಲಿಲ್ಲ. ಆದ್ದರಿಂದ ಮನೆ ಬಾಗಿಲಿಗೆ ಕರೆ ಬರಲೆಂದು ಕಾಯದೆ ನಾವೇ ವೈದ್ಯರನ್ನು ಕೇಳಬೇಕು. ಅಮೆರಿಕದ ತಜ್ಞರು 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಈ ರೋಗ ಬಂದಿದ್ದರೆ 40ರಲ್ಲಿ, ಇಲ್ಲವೇ ಅವರಿಗೆ ರೋಗ ಕಂಡ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಆರಂಭಿಸುವುದು ಉಚಿತ.

ತಪಾಸಣೆಯೆಂಬುದು ತೊಂದರೆಯಿಲ್ಲದವರಿಗೆ. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು ಇವು ಕಂಡವರು ಯಾವ ವಯಸ್ಸಿನವರಾದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಪರೀಕ್ಷೆ ಹೇಗೆ?

ಸರಳವಾದುದು ವರ್ಷಕ್ಕೊಮ್ಮೆ ಮಾಡಿಸುವ ಮಲಪರೀಕ್ಷೆ. ಕಣ್ಣಿಗೆ ಕಾಣದ ರಕ್ತವನ್ನು ಅದು ಪತ್ತೆಹಚ್ಚುತ್ತದೆ. ರಕ್ತ ಕಂಡುಬಂದಾಕ್ಷಣ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಆದರೆ ಕೊಲೊನೋಸ್ಕೋಪಿ ಮಾಡಿಸಲೇಬೇಕು. ಅದು ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯಿಂದ ಕರುಳನ್ನು ನೋಡುವ ವಿಧಾನ. ಕಂಡ ಗಂಟನ್ನು ಸಾಮಾನ್ಯವಾಗಿ ಅಲ್ಲಿಯೇ ತೆಗೆಯುತ್ತಾರೆ. ಎಲ್ಲವೂ ಸರಿಯಿದ್ದರೆ ಸಾಮಾನ್ಯರಿಗೆ ಮುಂದಿನ ಪರೀಕ್ಷೆ 10 ವರ್ಷಗಳ ನಂತರ. ಹಿಂದಿನ ದಿನ ತಿಳಿ ದ್ರವಾಹಾರವಷ್ಟೇ. ಶಿವರಾತ್ರಿಯ ಉಪವಾಸ ಬಲ್ಲವರಿಗೆ ಇದು ಕಷ್ಟವಲ್ಲ. ಸಕ್ಕರೆ ಕಾಯಿಲೆಯವರೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಲು ಒಪ್ಪದವರು ಆ ಮಾತನ್ನೂ ಮುಂಚಿತವಾಗಿ ಹೇಳಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಯಶವಂತಪುರ, ಹೆಬ್ಬಾಳಗಳ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಗರದ ದಕ್ಷಿಣಕ್ಕೆ, ಹೊಸೂರು ರಸ್ತೆಯ ಬಳಿಯಲ್ಲಿದ್ದರೂ ಚಿಕಿತ್ಸೆಗೆ ಬಡವರ ಆಸರೆಯಾಗಿದೆ.

12ನೆಯ ಶತಮಾನದ ಶರಣರು ಪಂಚಸೂತಕಗಳನ್ನೇ ತಿರಸ್ಕರಿಸಿದರು. ಅವರ ಹಾದಿಯಲ್ಲಿ ನಡೆಯುವ ನಾವು ಮಲಪರೀಕ್ಷೆಯ ಪುಟ್ಟ ಡಬ್ಬಿಗೆ ಹೇಸುವುದೇಕೆ? ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಕಾಯ ಬೇಕು. ಈ ತಿಂಗಳು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಾಗ, ವಂಶದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಈ ರೋಗವಿತ್ತೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಓದುಗ ಬಾಂಧವರಲ್ಲಿ ನಮ್ಮ ವಿನಂತಿ.