ಬೋಟಿನ ಸತುವಿನ ಗಟ್ಟಿ ಮತ್ತು ನನ್ನ ಒಂದು ತಪ್ಪು ಉತ್ತರ

ಮಲ್ಪೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ 'ಲೋಹಗಳು ಮತ್ತು ಅಲೋಹಗಳು' ಘಟಕದ ಅಭ್ಯಾಸ ಪಾಠ ನಡೆಸುತ್ತಿದ್ದೆ. ಕ್ರಿಯಾಶೀಲತೆಯ ಸರಣಿಯನ್ನು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಟೀಚರ್, ನಮ್ಮ ಬೋಟಿನ ಅಡಿಗೆ ಹಾಕಿದ ಸತುವಿನ ಗಟ್ಟಿ ಅರ್ಧಕ್ಕರ್ಧ ಕರಗಿಹೋಗಿದೆ. ಮಾಲು ಸರಿಯಿಲ್ಲವಾ?" ಪಾಠ ಯೋಜನೆಯಲ್ಲಿ ಇಲ್ಲದ ಪ್ರಶ್ನೆ. "ಬಣ್ಣ ಬಳಿದರೆ ಸವೆಯುವುದಿಲ್ಲ" ಎಂದುಬಿಟ್ಟೆ.

ರಾತ್ರಿ ಪುಸ್ತಕ ತೆರೆದಾಗ ತಪ್ಪು ಹೊಳೆಯಿತು. ಅವರ ಮನೆಯವರು ನನ್ನ ಮಾತು ಕೇಳಿ ಬಣ್ಣ ಬಳಿದುಬಿಟ್ಟರೆ? ಆಗ ಮೀನುಗಾರಿಕೆ ನಿಷೇಧದ ಸಮಯ (ಜೂನ್ 1ರಿಂದ ಜುಲೈ 31), ಬೋಟುಗಳು ದುರಸ್ತಿಗೆಂದು ದಡದಲ್ಲಿದ್ದವು. ಮರುದಿನ ಸಂಜೆ ಹುಡುಗನೊಂದಿಗೆ ಹೋಗಿ ನೋಡಿದೆ.

ಹಳೆಯ ಬೋಟು. ಪ್ರೊಪೆಲ್ಲರ್ ಕಂಚಿನದು, ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿನದು, ಚುಕ್ಕಾಣಿ ಉಕ್ಕಿನದು. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ಮುಳುಗಿದರೆ ಅದೇ ಒಂದು ವಿದ್ಯುತ್‌ಕೋಶ, ಸಮುದ್ರವೇ ವಿದ್ಯುದ್ವಿಭಾಜ್ಯ. ಹೆಚ್ಚು ಕ್ರಿಯಾಶೀಲ ಲೋಹ ಎಲೆಕ್ಟ್ರಾನು ಕಳೆದುಕೊಂಡು ಕರಗುತ್ತದೆ, ಉಳಿದವು ಉಳಿಯುತ್ತವೆ. ಸತು ಕರಗುವುದು ದೋಷವಲ್ಲ, ಅದರ ಕೆಲಸವೇ ಅದು. ಬಣ್ಣ ಬಳಿದರೆ ನೀರಿನ ಸಂಪರ್ಕ ತಪ್ಪಿ ರಕ್ಷಣೆಯೇ ನಿಲ್ಲುತ್ತದೆ. ಗಟ್ಟಿ ಸುಮಾರು ಅರ್ಧ ಸವೆದಾಗ ಬದಲಾಯಿಸಬೇಕು. ಹೊಸದನ್ನು ಕೂರಿಸುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಬೇಕು. ನಡುವೆ ತುಕ್ಕೋ ಬಣ್ಣವೋ ಉಳಿದರೆ ಎಲೆಕ್ಟ್ರಾನುಗಳಿಗೆ ದಾರಿಯಿಲ್ಲ.

ನನಗೆ ಹೊಸದಾಗಿದ್ದು ಪ್ರೊಪೆಲ್ಲರಿನ ವಿಷಯ. ಮ್ಯಾಂಗನೀಸ್ ಕಂಚು ಎಂದು ಕರೆದರೂ ಅದು ನಿಜವಾಗಿ ಸತು ಬಹಳವಿರುವ ಹಿತ್ತಾಳೆ. ಹೊರಗಿನ ಸತು ಮುಗಿದರೆ ಸಮುದ್ರ ಒಳಗಿನದಕ್ಕೆ ಕೈಹಾಕುತ್ತದೆ. ಆಗ ಹಳದಿ ಲೋಹ ಅಲ್ಲಲ್ಲಿ ಕೆಂಪಾಗುತ್ತದೆ. ಉಳಿದ ತಾಮ್ರ ರಂಧ್ರಮಯ, ದುರ್ಬಲ. ಮೆಕ್ಯಾನಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿಸಿದರು: ಗಟ್ಟಿ ಲೋಹ ಗಂಟೆಯಂತೆ ನಾದ ಕೊಡುತ್ತದೆ, ಹಾಳಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ರಬ್ಬರ್ ಬೇರಿಂಗ್ ಸವೆದಿದೆಯೇ ಎಂದೂ ನೋಡಿದರು.

ಈ ಉಪಾಯ ಹಳೆಯದು. 1824ರಲ್ಲಿ ಹಂಫ್ರಿ ಡೇವಿ ಹಡಗಿನ ತಾಮ್ರದ ಹೊದಿಕೆಗೆ ಇದನ್ನೇ ಸೂಚಿಸಿದ್ದ. ತಾಮ್ರ ಉಳಿಯಿತು, ಆದರೆ ವಿಷಕಾರಿ ತಾಮ್ರ ನೀರಿಗೆ ಬಿಡದೆ ಹೋದದ್ದರಿಂದ ಚಿಪ್ಪುಜೀವಿಗಳು ಹಡಗಿಗೆ ಮೆತ್ತಿಕೊಂಡವು!

ಮುಂದಿನ ಅವಧಿಯಲ್ಲಿ ಮೊದಲು ನನ್ನ ತಪ್ಪನ್ನು ಹೇಳಿದೆ. ಎರಡು ಲೋಟ ಉಪ್ಪುನೀರು: ಒಂದರಲ್ಲಿ ಬರೀ ಕಬ್ಬಿಣದ ಮೊಳೆ, ಇನ್ನೊಂದರಲ್ಲಿ ಹಳೆಯ ಟಾರ್ಚ್ ಸೆಲ್ಲಿನ ಸತುವಿನ ಹೊದಿಕೆಯ ತುಂಡು ಬಿಗಿಯಾಗಿ ಸುತ್ತಿದ ಮೊಳೆ. ಎರಡು ದಿನದಲ್ಲಿ ಮೊದಲನೆಯದರ ನೀರು ಕೆಂಪಾಯಿತು. "ಅಪ್ಪ ಬಣ್ಣ ಬಳಿಯಲಿಲ್ಲ ಟೀಚರ್, ಕೇಳಿ ನಕ್ಕರು" ಎಂದ ಹುಡುಗ ಎರಡನೆಯ ಮೊಳೆಯನ್ನು ಮನೆಗೆ ಒಯ್ದ.